ಎಂಟು ಆಕ್ಷೇಪಣೆ

ಮೇಷ್ಟ್ರು ಕೆಂಪು ಪೆನ್ನು ಹಿಡಿದರೆ ಯಾರ ಮುಲಾಜೂ ನೋಡುವವರಲ್ಲ ಎಂಬುದು ಆ ಬೀದಿಗೆಲ್ಲ ಗೊತ್ತಿದ್ದ ವಿಷಯ. ಮುಖ್ಯೋಪಾಧ್ಯಾಯರ ಮಗನಿಗೆ ಒಂದೇ ಒಂದು ಅಂಕ ಸೇರಿಸಿಕೊಡಲು ಒಪ್ಪದೆ, ಅದರ ಶಿಕ್ಷೆಯಾಗಿ ಮೂರು ವರ್ಷ ದೂರದ ಶಾಲೆಗೆ ಬಸ್ಸಿನಲ್ಲಿ ಓಡಾಡಿದ ಮನುಷ್ಯ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಔಷಧಿ ಅಂಗಡಿಯ ಬಿಲ್ಲು, ಹಾಲಿನವನ ಚೀಟಿ, ಎದುರುಮನೆಯವರು ಬಾಗಿಲಿಗೆ ಅಂಟಿಸಿದ 'ಮನೆ ಬಾಡಿಗೆಗಿದೆ' ಕಾಗದ, ಎಲ್ಲದರಲ್ಲೂ ತಪ್ಪು ಹುಡುಕಿ ಇಂಟು ಹಾಕುತ್ತಿದ್ದರು. ಹುಡುಗರು ಅವರಿಗೆ 'ಕೆಂಪಿಂಕು ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಅವರ ಹಿರಿಮಗಳಿಗೆ ಆ ಹೆಸರು ಕೇಳಿದರೆ ನಗು ಬರುತ್ತಿತ್ತು, ಜೊತೆಗೆ ಒಂದಿಷ್ಟು ಹೆಮ್ಮೆಯೂ ಆಗುತ್ತಿತ್ತು.

ಮನೆಯಲ್ಲಿ ಅವಳನ್ನು ದೊಡ್ಡವಳು ಎನ್ನುತ್ತಿದ್ದರು. ಅವಳಿಗಿಂತ ಹನ್ನೊಂದು ವರ್ಷಕ್ಕೆ ಕಿರಿಯಳಾದ ತಂಗಿ ಚಿಕ್ಕವಳು. ಎರಡನೇ ಮಹಡಿಯ ಮೂರು ಕೋಣೆಯ ಮನೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಷ್ಟೇ ಜಾಗ. ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಯಿತು, ಎಡಗಾಲು ಎಳೆಯತೊಡಗಿತು. ಅಂದಿನಿಂದ ಅಮ್ಮನ ಸ್ನಾನ, ಮಾತ್ರೆ, ಸಂಜೆಯ ನಡಿಗೆ, ಮೂರು ಹೊತ್ತಿನ ಅಡುಗೆ, ಬಟ್ಟೆ, ಪಾತ್ರೆ ಎಲ್ಲ ದೊಡ್ಡವಳ ತಲೆಗೇ ಬಂತು. ಇವೆಲ್ಲದರ ಸಂದಿಯಲ್ಲಿ ಕಿಟಕಿಯ ಬಳಿ ಹೊಲಿಗೆ ಮಿಷನ್ ಹಾಕಿಕೊಂಡು ಒಂದು ಬಟ್ಟೆ ಅಂಗಡಿಗೆ ಪ್ಯಾಂಟಿನ ಉದ್ದ ಮಡಿಸುವುದು, ಸೊಂಟ ಬಿಗಿ ಮಾಡುವುದು ಮುಂತಾದ ಕೆಲಸ ಮಾಡಿಕೊಡುತ್ತಿದ್ದಳು. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಡಾಕ್ಟರು "ಮನೇಲಿ ನೋಡ್ಕೊಳ್ಳೋರು ಯಾರು?" ಎಂದಾಗ ಅಪ್ಪ "ದೊಡ್ಡವಳಿದ್ದಾಳಲ್ಲ" ಎಂದಿದ್ದರು, ಅಷ್ಟೆ. ಬಂದ ಒಂದೆರಡು ಸಂಬಂಧಗಳೂ ಆ ಮಾತಿನಲ್ಲೇ ಕೊಚ್ಚಿಹೋದವು.

ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರ ಹುದ್ದೆಗೆ ಅರ್ಜಿ ಕರೆದಿದ್ದಾರೆ ಎಂದು ಚಿಕ್ಕವಳು ಪೇಪರ್ ಹಿಡಿದುಕೊಂಡು ಬಂದದ್ದು ಒಂದು ಬೆಳಿಗ್ಗೆ, ದೊಡ್ಡವಳು ಅಮ್ಮನಿಗೆ ಬ್ರೆಡ್ಡು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಾಗ.

"ವಯಸ್ಸೆಷ್ಟರವರೆಗೆ?" ಎಂದು ದೊಡ್ಡವಳು ಕೇಳಿದಳು.

"ಮೂವತ್ತೈದು ತುಂಬಿರಬಾರದು."

"ನನಗೆ ತುಂಬೋಕೆ ಇನ್ನೂ ಏಳು ತಿಂಗಳಿದೆ. ನನಗೂ ಒಂದು ಅರ್ಜಿ ಹಾಕು."

ಚಿಕ್ಕವಳು ಅಪ್ಪನ ಮುಖ ನೋಡಿದಳು. ಮೇಷ್ಟ್ರು ಚಹಾ ಕುಡಿಯುತ್ತ, "ಹಾಕಲಿ ಬಿಡು. ಬರೆಯೋದಕ್ಕೇನು ಕಾಸು ಕೊಡಬೇಕಾ?" ಎಂದರು.

"ಕೊಡಬೇಕು ಅಪ್ಪ, ಫೀಸಿದೆ."

"ಇರಲಿ, ಕೊಡ್ತೀನಿ. ಇಬ್ಬರಿಗೂ ನಾನೇ ಪಾಠ ಹೇಳ್ತೀನಿ. ಕೋಚಿಂಗು ಗೀಚಿಂಗು ಅಂತ ಹೊರಗೆ ಸುರಿಯೋದು ಬೇಡ."

ಈ ಪರೀಕ್ಷೆ ಎರಡು ವರ್ಷಕ್ಕೊಮ್ಮೆ ನಡೆಯುವಂಥದ್ದು. ದೊಡ್ಡವಳಿಗೆ ಇದೇ ಮೊದಲ ಸಲ, ಇದೇ ಕೊನೆಯ ಸಲ. ಅವಳು ಅದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ.

ಪಾಠ ಸಂಜೆ ಐದಕ್ಕೆ ಊಟದ ಮೇಜಿನ ಮೇಲೆ ಶುರುವಾಯಿತು. ನೂರು ಪ್ರಶ್ನೆಯ ಪತ್ರಿಕೆ. ತಪ್ಪು ಬರೆದರೆ ಕಾಲು ಅಂಕ ಕಡಿತ. ಲೆಕ್ಕ ಇಬ್ಬರಿಗೂ ಬರುತ್ತಿತ್ತು. ತೊಡಕಾದದ್ದು ತರ್ಕದ ಭಾಗ, ಅದರಲ್ಲೂ ಹೇಳಿಕೆ ಕೊಟ್ಟು ಅದರಲ್ಲಿ ಅಡಗಿದ ಊಹೆಯನ್ನು ಹುಡುಕಿ ಎನ್ನುವ ಪ್ರಶ್ನೆಗಳು.

"ಬಾಯಿಬಿಟ್ಟು ಹೇಳಿದ್ದು ಹೇಳಿಕೆ. ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಊಹೆ," ಎಂದರು ಮೇಷ್ಟ್ರು. "ಮನುಷ್ಯ ಏನನ್ನ ನಂಬಿಕೊಂಡು ಆ ಮಾತು ಆಡಿದ ಅಂತ ಹುಡುಕಬೇಕು. ಈಗ ನೋಡಿ, ಬಸ್ ನಿಲ್ದಾಣದಲ್ಲಿ ಬೋರ್ಡಿದೆ: ಜೇಬುಗಳ್ಳರಿದ್ದಾರೆ, ಎಚ್ಚರಿಕೆ. ಊಹೆ ಒಂದು, ಜನ ಬೋರ್ಡು ಓದ್ತಾರೆ. ಊಹೆ ಎರಡು, ಓದಿದ ಮೇಲೆ ಕಳ್ಳತನ ನಿಂತುಹೋಗುತ್ತೆ. ಯಾವುದು ಅಡಗಿದೆ?"

"ಎರಡೂ," ಎಂದಳು ಚಿಕ್ಕವಳು.

"ಮೊದಲನೆಯದೊಂದೇ," ಎಂದಳು ದೊಡ್ಡವಳು ಒಲೆಯ ಮುಂದಿನಿಂದಲೇ. "ಕಳ್ಳತನ ನಿಂತುಹೋಗುತ್ತೆ ಅಂತ ಬೋರ್ಡು ಬರೆದವನಿಗೂ ನಂಬಿಕೆ ಇರಲ್ಲ. ಬೋರ್ಡು ಓದ್ತಾ ನಿಂತವನ ಜೇಬೇ ಮೊದಲು ಹೋಗೋದು."

ಒಳಕೋಣೆಯಲ್ಲಿ ಮಲಗಿದ್ದ ಅಮ್ಮ ಜೋರಾಗಿ ನಕ್ಕಳು. ಮೇಷ್ಟ್ರೂ ನಕ್ಕರು. "ಸರಿಯಾಗಿ ಹೇಳಿದೆ. ಒಂದು ಉಪಾಯ ಇಟ್ಟುಕೊಳ್ಳಿ. ಊಹೆಯನ್ನ 'ಇಲ್ಲ' ಅಂದು ನೋಡಿ. ಸ್ಟೂಲಿನ ಕಾಲು ಎಳೆದು ನೋಡಿದ ಹಾಗೆ. ಹೇಳಿಕೆ ಬಿದ್ದುಹೋದರೆ ಆ ಕಾಲು ಬೇಕಿತ್ತು, ಬೀಳದಿದ್ದರೆ ಬೇಕಿರಲಿಲ್ಲ."

ಆ ಒಂದೂವರೆ ಗಂಟೆ ದೊಡ್ಡವಳಿಗೆ ದಿನದ ಹಬ್ಬ. ಕುಕ್ಕರಿನ ಸೀಟಿ ಎಣಿಸುತ್ತ, ಬೀನ್ಸ್ ಮುರಿಯುತ್ತ, ಮಿಷನ್ ತುಳಿಯುತ್ತ ಅವಳು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಮನೆಯೊಳಗಿನ ಮಾತನ್ನೂ ಬಿಡದಾದಳು. "ನಾಳೆ ಬಿಳಿ ಶರ್ಟು ಇಸ್ತ್ರಿ ಆಗಿರಲಿ" ಎಂದು ಅಪ್ಪ ಹೇಳಿದರೆ, "ಊಹೆ ಒಂದು, ಮನೇಲಿ ಇಸ್ತ್ರಿ ಪೆಟ್ಟಿಗೆ ಇದೆ. ಊಹೆ ಎರಡು, ಅದನ್ನ ಹಿಡಿಯೋಳು ಒಬ್ಬಳಿದ್ದಾಳೆ," ಎನ್ನುತ್ತಿದ್ದಳು. "ಬಾಯಿ ಬಂದಿದೆ ಇವಳಿಗೆ," ಎಂದು ಅಮ್ಮ ಖುಷಿಪಡುತ್ತಿದ್ದಳು. ಶರ್ಟಿಗೆ ಇಸ್ತ್ರಿ ಮಾತ್ರ ತಪ್ಪದೆ ಆಗುತ್ತಿತ್ತು.

ಐದನೇ ವಾರ ಮೇಷ್ಟ್ರು ಗಡಿಯಾರ ಮುಂದಿಟ್ಟು ಐವತ್ತು ಪ್ರಶ್ನೆಯ ಪರೀಕ್ಷೆ ಮಾಡಿದರು. ಚಿಕ್ಕವಳಿಗೆ ಮೂವತ್ತಮೂರು, ದೊಡ್ಡವಳಿಗೆ ನಲವತ್ತೊಂದು. ಮೇಷ್ಟ್ರು ಎರಡೆರಡು ಸಲ ಕೂಡಿ ನೋಡಿದರು.

"ಕೂಡೋದು ಮರೆತುಹೋಯ್ತಾ ಅಪ್ಪ?" ದೊಡ್ಡವಳಿಗೆ ಮುಖದ ತುಂಬ ನಗು.

"ಇಲ್ಲ. ನಲವತ್ತೊಂದೇ. ಹೀಗೇ ಬರೆದರೆ ನಿನಗೆ ಸಿಕ್ಕೇ ಬಿಡುತ್ತೆ."

ಆ ದಿನ ಊಟಕ್ಕೆ ಕೂತಾಗ ದೊಡ್ಡವಳ ಕಾಲು ನೆಲದ ಮೇಲಿರಲಿಲ್ಲ. ಅನ್ನ ಬಡಿಸುತ್ತ, "ಊರಿನ ಕಚೇರೀಲಿ ಹಾಕಿದರೆ ಸರಿ. ದೂರ ಹಾಕಿದರೂ ನಾನು ಬಿಡೋಳಲ್ಲ. ಒಂದು ರೂಮು ಮಾಡ್ಕೊಂಡು ಇದ್ದುಬಿಡ್ತೀನಿ. ಶನಿವಾರ ಬಂದು ಸೋಮವಾರ ಹೋಗೋದು," ಎಂದಳು.

"ರೂಮಲ್ಲಿ ಒಬ್ಬಳೇ ಏನು ಮಾಡ್ತೀಯೇ?" ಎಂದಳು ಚಿಕ್ಕವಳು.

"ಏನೂ ಮಾಡಲ್ಲ. ಅದಕ್ಕೇ ರೂಮು."

ಅಮ್ಮ ಬಲಗೈಯಲ್ಲಿ ಚಮಚ ಹಿಡಿದು ನಗುತ್ತಲೇ ಇದ್ದಳು. ಮೇಷ್ಟ್ರು ಅನ್ನಕ್ಕೆ ಬೇಳೆ ಕಲಸುತ್ತಿದ್ದವರು ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ ಉಪ್ಪು ಕಡಿಮೆಯಾಗಿದೆ ಎಂದರು. ದೊಡ್ಡವಳು ರುಚಿ ನೋಡಿದಳು. ಉಪ್ಪು ಸರಿಯಾಗಿಯೇ ಇತ್ತು. ಆದರೂ ಎದ್ದು ತಂದುಕೊಟ್ಟಳು.

ಆರನೇ ವಾರದಿಂದ ಪಾಠದ ಕ್ರಮ ಬದಲಾಯಿತು. "ನೀನು ಮುಂದೆ ಹೋಗಿಬಿಟ್ಟಿದ್ದೀಯ, ಇವಳು ಹಿಂದೆ ಉಳಿದಿದ್ದಾಳೆ. ನೀನು ಅಮ್ಮನನ್ನ ನಡೆಸಿಕೊಂಡು ಬಾ, ಅಷ್ಟರಲ್ಲಿ ಇವಳಿಗೆ ಹೇಳ್ತೀನಿ. ನಿನ್ನ ಪುಸ್ತಕ ಕೊಟ್ಟಿರು, ತಿದ್ದಿಡ್ತೀನಿ," ಎಂದರು ಮೇಷ್ಟ್ರು. ಮಾತಿನಲ್ಲಿ ನ್ಯಾಯವಿತ್ತು. ದೊಡ್ಡವಳು ಅಮ್ಮನ ತೋಳು ಹಿಡಿದು ಬಾಗಿಲ ಹೊರಗೆ ಮೆಟ್ಟಿಲ ಪಕ್ಕದ ಉದ್ದನೆಯ ಪಡಸಾಲೆಯಲ್ಲಿ ಇಪ್ಪತ್ತು ಸುತ್ತು ನಡೆಸುತ್ತಿದ್ದಳು. ಒಳಗಿನಿಂದ ಅಪ್ಪನ ಧ್ವನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ವಾಪಸು ಬರುವ ಹೊತ್ತಿಗೆ ಅವಳ ಪುಸ್ತಕ ಮಡಿಚಿ ಮೇಜಿನ ಮೇಲಿರುತ್ತಿತ್ತು.

ಆ ವಾರವೇ ಹೊಸ ಬಗೆಯ ಪ್ರಶ್ನೆ ಬಂದದ್ದು. 'ಕೆಮ್ಮಿಗೆ ಈ ಔಷಧ ತೆಗೆದುಕೊಳ್ಳಿ ಎಂದು ವೈದ್ಯರು ಹೇಳಿದರು. ಊಹೆ: ಈ ಔಷಧದಿಂದ ಮಾತ್ರ ಕೆಮ್ಮು ವಾಸಿಯಾಗುತ್ತದೆ.' ದೊಡ್ಡವಳು ಬಹಳ ಹೊತ್ತು ಯೋಚಿಸಿದಳು. ಬೇರೆ ಔಷಧವೂ ಆಗುತ್ತಿದ್ದರೆ ಇದನ್ನೇ ಯಾಕೆ ಬರೆದುಕೊಟ್ಟರು? ಊಹೆ ಅಡಗಿದೆ ಎಂದು ಬರೆದಳು. ಅನುಮಾನವಾಗಿ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದಳು. ಸಂಜೆ ಪುಸ್ತಕ ತೆರೆದರೆ ಕೆಂಪು ಪೆನ್ನಿನ ದೊಡ್ಡ ರೈಟು. ಪೆನ್ಸಿಲಿನ ಗುರುತನ್ನು ರಬ್ಬರಿನಿಂದ ಒರೆಸಿಬಿಟ್ಟಳು. ಮರುದಿನ ಅದೇ ಥರದ್ದು ಮೂರು, ಮೂರಕ್ಕೂ ರೈಟು. ಅಪ್ಪ ರೈಟು ಹಾಕಿದ ಮೇಲೆ ಮುಗಿಯಿತು. ಸೂರ್ಯ ಮೂಡುವ ದಿಕ್ಕನ್ನು ಯಾರಾದರೂ ದಿನಾ ಎದ್ದು ಪರೀಕ್ಷೆ ಮಾಡುತ್ತಾರೆಯೇ?

ಆ ತಿಂಗಳು ಮನೆಯ ಕೆಲಸವೂ ಯಾಕೋ ಹೆಚ್ಚಿತು. ಹತ್ತು ವರ್ಷದಿಂದ ಧೂಳು ತಿನ್ನುತ್ತಿದ್ದ ಅಟ್ಟ ಕ್ಲೀನಾಗಬೇಕೆಂದು ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಅನ್ನಿಸಿತು. ಹಾಸಿಗೆಗಳ ಹತ್ತಿ ಬಿಚ್ಚಿ ಬಿಸಿಲಿಗೆ ಹಾಕಬೇಕೆನ್ನಿಸಿತು.

"ಪರೀಕ್ಷೆ ಮುಗಿದ ಮೇಲೆ ಮಾಡಿದರಾಗಲ್ವಾ?" ಎಂದು ಅಮ್ಮ ರೇಗಿದಳು. "ಹತ್ತು ವರ್ಷ ಇಲ್ಲದ ಅಟ್ಟ ಈಗ ತಲೆ ಮೇಲೆ ಬೀಳ್ತಿದೆಯಾ?"

"ನಾನು ಮಾಡ್ತೀನಿ ಬಿಡಮ್ಮ," ಎಂದಳು ದೊಡ್ಡವಳು. "ಪುಸ್ತಕದಲ್ಲಿ ಎಲ್ಲ ರೈಟೇ ಬರ್ತಾ ಇದೆ. ಓದೋದು ಜಾಸ್ತಿ ಏನೂ ಉಳಿದಿಲ್ಲ."

ಪರೀಕ್ಷೆಯ ದಿನ ಮೇಷ್ಟ್ರೇ ಇಬ್ಬರನ್ನೂ ಕರೆದುಕೊಂಡು ಹೋದರು. ಇಬ್ಬರಿಗೂ ಹೊಸ ಪೆನ್ನು ಕೊಟ್ಟರು. ದೊಡ್ಡವಳ ನೀರಿನ ಬಾಟಲಿಯನ್ನು ಗೇಟಿನವರೆಗೂ ತಾವೇ ಹಿಡಿದುಕೊಂಡಿದ್ದರು. ಹೊರಗೆ ಬಂದಾಗ ಚಿಕ್ಕವಳು ಬೆವೆತು ಹೋಗಿದ್ದಳು. ದೊಡ್ಡವಳು "ಸಲೀಸಾಗಿತ್ತು" ಎಂದಳು.

ಹತ್ತು ದಿನಕ್ಕೆ ಕಚೇರಿಯವರು ಕೀ ಉತ್ತರ ಪ್ರಕಟಿಸಿದರು. ಅಕ್ಕತಂಗಿಯರು ಪ್ರಶ್ನೆಪತ್ರಿಕೆ ಹಿಡಿದು ಮೇಜಿನ ಎರಡು ಕಡೆ ಕೂತು ತಾಳೆ ನೋಡಿದರು. ಚಿಕ್ಕವಳಿಗೆ ಎಪ್ಪತ್ತಮೂರು ಬಂತು. ಕಳೆದ ಸಲ ಎಪ್ಪತ್ತೊಂದಕ್ಕೆ ಕೆಲಸ ಸಿಕ್ಕಿತ್ತು, ಹಾಗಾಗಿ ಅವಳು ಕುಣಿಯುವುದೊಂದು ಬಾಕಿ. ದೊಡ್ಡವಳಿಗೆ ಬಂದದ್ದು ಅರವತ್ತಾರು. ಮತ್ತೆ ಮೊದಲಿಂದ ನೋಡಿದಳು, ಅರವತ್ತಾರೇ. ಮೂರನೇ ಸಲ ತಪ್ಪಾದವನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದುಕೊಂಡಳು. ಅವುಗಳಲ್ಲಿ ಎಂಟು ಒಂದೇ ಬಗೆಯವು, ಔಷಧದ ಪ್ರಶ್ನೆಯ ಅಣ್ಣತಮ್ಮಂದಿರು.

"ಕೀ ತಪ್ಪಾಗಿದೆ," ಎಂದಳು.

"ಎಂಟೂನಾ?" ಎಂದಳು ಚಿಕ್ಕವಳು.

"ಎಂಟೂ. ಯಾವನೋ ತಲೆಕೆಟ್ಟವನು ಮಾಡಿದ್ದಾನೆ. ಪುಸ್ತಕದಲ್ಲಿ ಇಂಥವು ನಲವತ್ತು ಮಾಡಿದ್ದೀನಿ, ನಲವತ್ತಕ್ಕೂ ಅಪ್ಪ ರೈಟು ಹಾಕಿದ್ದಾರೆ. ಈ ಎಂಟು ಸರಿಯಾದರೆ ಎಂಟು ಅಂಕ, ಕಡಿತ ಆಗಿರೋದು ಎರಡು. ಎಪ್ಪತ್ತಾರಾಗುತ್ತೆ ನನಗೆ."

ಸರ್ಕಾರದ ಕೀಗಿಂತ ಅಪ್ಪನ ಕೆಂಪಿಂಕು ದೊಡ್ಡದು ಎಂದು ನಂಬುವವರು ಭೂಮಿಯ ಮೇಲೆ ಅವಳೊಬ್ಬಳೇ ಇದ್ದಳೇನೋ. ಚಿಕ್ಕವಳು ಏನೋ ಹೇಳಲು ಬಾಯಿ ತೆರೆದವಳು, "ಅಪ್ಪನ್ನೇ ಒಂದು ಮಾತು ಕೇಳು," ಎಂದು ಎದ್ದು ಹೋದಳು.

ಕೀ ಉತ್ತರಕ್ಕೆ ಏಳು ದಿನದೊಳಗೆ ಆಕ್ಷೇಪಣೆ ಹಾಕಬಹುದಿತ್ತು. ದೊಡ್ಡವಳು ಬಸ್ಸು ಹತ್ತಿ ಹೋಗಿ ಎಂಟು ನಮೂನೆ ತಂದಳು. ಪ್ರತಿ ಪ್ರಶ್ನೆಗೂ ಬೇರೆ ನಮೂನೆ, ಬೇರೆ ಶುಲ್ಕ. ಹೊಲಿಗೆಯ ದುಡ್ಡು ತೆಗೆದು ಕಟ್ಟುವುದೆಂದು ನಿರ್ಧರಿಸಿದಳು. ಎಂಟನ್ನೂ ಗುಂಡಗಿನ ಅಕ್ಷರದಲ್ಲಿ ತುಂಬಿದಳು. ಪ್ರತಿಯೊಂದರ ಕೆಳಗೂ ಒಂದು ಗೆರೆ: 'ಅಭ್ಯರ್ಥಿಯ ಉತ್ತರವೇ ಸರಿಯೆಂದು ದೃಢೀಕರಿಸುವ ವಿಷಯ ಶಿಕ್ಷಕರ ಸಹಿ.' ಇಂಥ ಶಿಕ್ಷಕರನ್ನು ಹುಡುಕಿಕೊಂಡು ಉಳಿದವರೆಲ್ಲ ಊರು ಅಲೆಯುತ್ತಿರುವಾಗ ತನಗೆ ಮನೆಯಲ್ಲೇ ಇದ್ದಾರಲ್ಲ ಎಂದು ಅವಳಿಗೆ ಸಮಾಧಾನವಾಗಿತ್ತು.

ಗುರುವಾರ ಅಪ್ಪನ ಮುಂದಿಟ್ಟಳು. "ನೋಡ್ತೀನಿ, ಇಟ್ಟಿರು," ಎಂದರು. ಶುಕ್ರವಾರ ಕನ್ನಡಕದ ಕಾಲು ಸಡಿಲವಾಗಿದೆ ಎಂದರು. ದೊಡ್ಡವಳು ಅಂಗಡಿಗೆ ಹೋಗಿ ಬಿಗಿ ಮಾಡಿಸಿಕೊಂಡು ಬಂದಳು. ಶನಿವಾರ, "ಇವರ ಜೊತೆ ಗುದ್ದಾಡಿ ಏನು ಸಿಗುತ್ತೆ ಮಗಳೇ, ಬಿಟ್ಟುಬಿಡು," ಎಂದರು.

"ಮುಖ್ಯೋಪಾಧ್ಯಾಯರ ಜೊತೆ ಒಂದು ಅಂಕಕ್ಕೆ ಗುದ್ದಾಡಿದವರು ನೀವು. ನನ್ನದು ಹತ್ತು ಅಂಕ ಅಪ್ಪ."

ಅವರು ಪೇಪರ್ ಬಿಡಿಸಿ ಮುಖ ಮುಚ್ಚಿಕೊಂಡರು.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ಬೇಯಿಸಿದ ಮೊಟ್ಟೆ. ದೊಡ್ಡವಳು ಅಮ್ಮನ ಮೊಟ್ಟೆಯನ್ನು ನಾಲ್ಕು ಹೋಳು ಮಾಡಿ ತಟ್ಟೆಗಿಟ್ಟು, ನಮೂನೆಗಳನ್ನೂ ಪೆನ್ನನ್ನೂ ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು.

"ನಾಳೆ ಕೊನೆ ದಿನ. ಸಹಿ ಹಾಕಿ."

"ಊಟ ಆಗಲಿ."

"ಮೂರು ದಿನದಿಂದ ಊಟ ಆಗ್ತಾನೇ ಇದೆ. ಎಂಟು ಸಹಿಗೆ ಎಷ್ಟು ಹೊತ್ತು ಬೇಕು?"

"ಹಾಕ್ರೀ ಅತ್ಲಾಗೆ," ಎಂದಳು ಅಮ್ಮ. "ಮಗು ಆವತ್ತಿಂದ ಕಣ್ಣು ಮುಚ್ಚಿಲ್ಲ."

ಮೇಷ್ಟ್ರು ಪೆನ್ನು ಎತ್ತಿಕೊಂಡರು. ಮೊದಲನೇ ಹಾಳೆಯ ಗೆರೆಯ ಮೇಲೆ ಅದನ್ನು ಊರಿದರು. ಅವರ ಕೈ ಅಲ್ಲೇ ನಿಂತಿತು. ಮೂವತ್ತಾರು ವರ್ಷ ತಪ್ಪನ್ನು ತಪ್ಪೆಂದೇ ಬರೆದ ಕೈಗೆ, ಕಚೇರಿಯವರ ಮುಂದೆ ಹೆಸರು ಹಾಕಿ ಸುಳ್ಳು ಹೇಳಲು ಆಗಲಿಲ್ಲ. ಪೆನ್ನು ಕೆಳಗಿಟ್ಟರು.

"ಕೀ ಸರಿಯಾಗಿದೆ," ಎಂದರು.

"ಎಂಟರಲ್ಲಿ ಯಾವುದು?"

"ಎಂಟೂ."

ದೊಡ್ಡವಳು ನಕ್ಕಳು. ಅಪ್ಪ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. ಯಾರೂ ನಗದಿದ್ದಾಗ ಎದ್ದು ಹೋಗಿ ಮಿಷನ್ನಿನ ಡ್ರಾಯರಿನಿಂದ ತನ್ನ ಪುಸ್ತಕ ತಂದು, ಆರನೇ ವಾರದ ಹಾಳೆ ತೆರೆದು ಇಟ್ಟಳು.

"ಇದು ನಿಮ್ಮ ಕೈಯಲ್ವಾ?"

"ಕಣ್ಣು ಸರಿಯಾಗಿ ಕಾಣ್ತಾ ಇರಲಿಲ್ಲ ಆಗ."

"ನಲವತ್ತು ಪ್ರಶ್ನೆಗೂ ಕಾಣಲಿಲ್ವಾ?"

ಚಿಕ್ಕವಳು ಕುರ್ಚಿ ಸರಿಸಿ ಎದ್ದಳು, ಒಳಗಿನಿಂದ ತನ್ನ ಪುಸ್ತಕ ತಂದು ಅಕ್ಕನ ಪುಸ್ತಕದ ಪಕ್ಕ ತೆರೆದಿಟ್ಟಳು. ಅದೇ ತಾರೀಖು, ಅದೇ ಔಷಧದ ಪ್ರಶ್ನೆ, ಅದೇ ತಪ್ಪು ಉತ್ತರ. ಅದಕ್ಕೆ ಇಂಟು ಬಿದ್ದಿತ್ತು. ಪಕ್ಕದಲ್ಲಿ ಅಪ್ಪನ ಓರೆ ಅಕ್ಷರ: 'ಮಾತ್ರ ಎಂದು ಕಂಡರೆ ನಿಲ್ಲು. ಔಷಧ ಕೆಲಸ ಮಾಡುತ್ತದೆ ಎಂದಷ್ಟೇ ವೈದ್ಯರ ನಂಬಿಕೆ. ಬೇರೆ ಯಾವುದೂ ಮಾಡುವುದಿಲ್ಲ ಎಂದಲ್ಲ.'

"ನಿನಗೂ ಹೇಳಿಕೊಟ್ಟಿದ್ದಾರೆ ಅಂದ್ಕೊಂಡಿದ್ದೆ ಅಕ್ಕ," ಎಂದಳು ಚಿಕ್ಕವಳು. "ಕೀ ಬಂದ ದಿನ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ."

ದೊಡ್ಡವಳು ಎರಡು ಪುಸ್ತಕಗಳನ್ನೂ ಹಾಳೆ ಹಾಳೆಯಾಗಿ ಮಗುಚಿದಳು. ತಂಗಿಯದರಲ್ಲಿ ಇಂಟು, ತನ್ನದರಲ್ಲಿ ರೈಟು, ಇಂಟು, ರೈಟು. ಐದನೇ ವಾರದವರೆಗೆ ತನ್ನ ಪುಸ್ತಕದಲ್ಲೂ ಇಂಟುಗಳಿದ್ದವು, ಪಕ್ಕದಲ್ಲಿ ಟಿಪ್ಪಣಿಗಳಿದ್ದವು. ಆಮೇಲೆ ಒಂದೇ ಒಂದು ಅಕ್ಷರವಿರಲಿಲ್ಲ.

"ಏನ್ರೀ ಇದು?" ಎಂದಳು ಅಮ್ಮ. "ನನಗೆ ಅರ್ಥ ಆಗೋ ಹಾಗೆ ಹೇಳಿ. ಬೇಕು ಅಂತ ಮಾಡಿದ್ರಾ?"

"ಮನೆ ಅಂತ ಒಂದಿದೆಯಲ್ಲ," ಎಂದರು ಮೇಷ್ಟ್ರು. ಕಣ್ಣು ತಟ್ಟೆಯ ಮೇಲೇ ಇತ್ತು. "ಚಿಕ್ಕವಳು ಇವತ್ತಲ್ಲ ನಾಳೆ ಹೋಗೋಳೇ. ಇಬ್ಬರೂ ಹೋದರೆ ನಿನ್ನ ಗತಿ ಏನು? ನಿನಗೆ ಸ್ನಾನ ಯಾರು ಮಾಡಿಸ್ತಾರೆ? ನಿನಗೋಸ್ಕರ ಮಾಡಿದೆ."

"ನನ್ನ ಹೆಸರು ಹಾಕಬೇಡಿ!" ಅಮ್ಮ ಬಲಗೈಯಲ್ಲಿ ಮೇಜು ಗುದ್ದಿದಳು, ಲೋಟ ಉರುಳಿ ನೀರು ಚೆಲ್ಲಿತು. "ಅವಳಿಂದ ಮಾತ್ರ ನಾನು ಬದುಕಿದ್ದೀನಿ ಅಂತ ಯಾರು ಹೇಳಿದರು ನಿಮಗೆ? ನನ್ನ ಒಂದು ಮಾತು ಕೇಳಿದ್ರಾ? ಎಡಗೈ ಸತ್ತಿದೆ, ನಾನು ಸತ್ತಿಲ್ಲ. ಅವಳು ರೂಮು ಮಾಡ್ತೀನಿ ಅಂದಾಗ ನನಗೆಷ್ಟು ಖುಷಿಯಾಗಿತ್ತು ಗೊತ್ತಾ? ನಿಮಗೆ ಎರಡು ಕೈ ಇದೆಯಲ್ಲ, ಅವೇನು ಪೆನ್ನು ಹಿಡಿಯೋಕೆ ಮಾತ್ರ ಇರೋದಾ?"

"ನನಗೆ ಅಡುಗೆ ಬರುತ್ತಾ?"

"ಇವಳು ಹುಟ್ಟುವಾಗಲೇ ಕಲಿತುಕೊಂಡು ಬಂದಿದ್ದಳಾ?"

ಚೆಲ್ಲಿದ ನೀರು ನಮೂನೆಗಳ ಕಡೆಗೆ ಹರಿಯಿತು. ಚಿಕ್ಕವಳು ಅವನ್ನೆತ್ತಲು ಹೋದಳು. "ಬಿಡು," ಎಂದಳು ದೊಡ್ಡವಳು. ಗುಂಡಗಿನ ಅಕ್ಷರಗಳು ಒಂದೊಂದಾಗಿ ಒದ್ದೆಯಾದವು.

"ಅಪ್ಪ, ಒಂದು ಮಾತು ಕೇಳ್ತೀನಿ," ಎಂದಳು. ಅವಳು ಕೂಗಲಿಲ್ಲ. "ಆವತ್ತು ನಲವತ್ತೊಂದು ಬಂದ ದಿನ, ನನ್ನನ್ನ ಕೂರಿಸಿಕೊಂಡು 'ಬರೀಬೇಡ ಮಗಳೇ, ನೀನು ಹೋದರೆ ನಮಗೆ ಕಷ್ಟ' ಅಂತ ಬಾಯಿಬಿಟ್ಟು ಕೇಳಿದ್ದರೆ, ನಾನು ಬಿಟ್ಟುಬಿಡ್ತಿದ್ದೆ. ಹಾಲ್ ಟಿಕೆಟ್ಟು ನಿಮ್ಮ ಎದುರಿಗೇ ಹರಿದು ಹಾಕ್ತಿದ್ದೆ. ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ಯಾಕೆ ಕೇಳಲಿಲ್ಲ?"

ಮೇಷ್ಟ್ರು ಉರುಳಿದ ಲೋಟವನ್ನು ಎತ್ತಿ ನಿಲ್ಲಿಸಿದರು. "ಕೇಳಿದ್ದರೆ ನಿನ್ನ ಋಣ ನನ್ನ ಮೇಲೆ ಇರ್ತಿತ್ತು," ಎಂದರು. "ಸಾಯೋವರೆಗೂ ನಿನ್ನ ಮುಖ ನೋಡಿದಾಗೆಲ್ಲ ನೆನಪಾಗ್ತಿತ್ತು. ನೀನೇ ಫೇಲಾದರೆ ಯಾರ ತಪ್ಪೂ ಇಲ್ಲ."

ಯಾರೂ ಊಟ ಮುಂದುವರಿಸಲಿಲ್ಲ. ದೊಡ್ಡವಳು ತಟ್ಟೆಗಳನ್ನು ಎತ್ತಿಕೊಂಡು ಹೋಗಿ ತೊಳೆದಳು. ತೊಳೆಯುತ್ತಿರುವಾಗ ತಾನು ಯಾಕೆ ತೊಳೆಯುತ್ತಿದ್ದೇನೆ ಎಂದು ಅವಳಿಗೇ ಸಿಟ್ಟು ಬಂತು. ಆದರೂ ಕೈ ನಿಲ್ಲಲಿಲ್ಲ.

ಸೋಮವಾರ ಆಕ್ಷೇಪಣೆಯ ಅವಧಿ ಮುಗಿಯಿತು. ಮುಂದಿನ ದಿನಗಳಲ್ಲಿ ಮನೆಯಲ್ಲಿ ಮಾತು ಅಳೆದು ತೂಗಿದಂತಾಯಿತು. ದೊಡ್ಡವಳು ಅಪ್ಪನಿಗೆ ಚಹಾ ಕೊಡುವುದನ್ನು ನಿಲ್ಲಿಸಲಿಲ್ಲ, ಆದರೆ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಳು. ಅಮ್ಮ ಮಾತ್ರ ಹಟ ಹಿಡಿದವಳಂತೆ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತು ಗಂಡನಿಗೆ ಕೆಲಸ ಕಲಿಸತೊಡಗಿದಳು.

"ಬೇಳೆ ತೊಳೆದ್ರಾ?"

"ತೊಳೆದೆ."

"ಎಷ್ಟು ಸಲ?"

"ಒಂದು ಸಲ."

"ಇನ್ನೆರಡು ಸಲ ತೊಳೀರಿ. ಬೀನ್ಸ್ ಯಾಕೆ ಸ್ಕೇಲು ಇಟ್ಟ ಹಾಗೆ ಕತ್ತರಿಸ್ತೀರಿ? ಯಾರೂ ಅಳೆಯೋಕೆ ಬರಲ್ಲ ಇಲ್ಲಿ."

ಮೇಷ್ಟ್ರು ಬೆರಳು ಕೊಯ್ದುಕೊಂಡರು, ಹಾಲು ಉಕ್ಕಿಸಿದರು, ಒಂದು ದಿನ ಪಾತ್ರೆಯ ತಳ ಹತ್ತಿಸಿ ಇಡೀ ಮೆಟ್ಟಿಲಿಗೆಲ್ಲ ಹೊಗೆ ಹಬ್ಬಿಸಿದರು. ಮೂರನೇ ವಾರಕ್ಕೆ ಬಾಯಿಗಿಡುವಂಥ ಅನ್ನ ಬೇಳೆ ಮಾಡಿದರು. ಹೆಂಡತಿಯ ತಲೆಗೆ ನೀರು ಹಾಕುವುದನ್ನೂ ಕಲಿತರು. ಹಾಗಾದರೆ ಇದೆಲ್ಲ ಆಗುವಂಥದ್ದೇ ಆಗಿತ್ತು. ಅದನ್ನು ನೋಡುತ್ತ ದೊಡ್ಡವಳಿಗೆ ಸಮಾಧಾನವಾಗಬೇಕಿತ್ತು. ಹೊಟ್ಟೆ ಇನ್ನಷ್ಟು ಉರಿಯಿತು.

ಫಲಿತಾಂಶ ಬಂತು. ಎಪ್ಪತ್ತೆರಡರವರೆಗೆ ಕೆಲಸ ಸಿಕ್ಕಿತ್ತು. ಚಿಕ್ಕವಳಿಗೆ ದೂರದ ಊರಿನ ಕಚೇರಿಗೆ ಆದೇಶ ಬಂದಾಗ ಅವಳು ಅಡುಗೆಮನೆಗೆ ಬಂದು ನಿಂತಳು.

"ನಾನು ಹೋಗಲ್ಲ ಅಕ್ಕ."

"ಹೋಗದೆ ಏನು ಮಾಡ್ತೀಯ? ನಿನ್ನ ಹೆಸರು ತೆಗೆದು ನನ್ನ ಹೆಸರು ಹಾಕ್ತಾರಾ?"

"ಅಲ್ಲ..."

"ಹಂಗಾದರೆ ಹೋಗು. ಅಳಬೇಡ. ನೀನು ಓದಿ ಬರೆದಿದ್ದೀಯ. ಅಲ್ಲೊಂದು ರೂಮು ಮಾಡು," ಎಂದಳು. ಆ ಮಾತು ಹೇಳುವಾಗ ಅವಳಿಗೆ ತಂಗಿಯ ಮೇಲೆ ಒಂದು ಗಳಿಗೆ ವಿಷದಂಥ ಅಸೂಯೆ ಬಂತು. ತಂಗಿಯ ಹೊಸ ಬಟ್ಟೆಗಳ ಉದ್ದವನ್ನೆಲ್ಲ ಆ ವಾರ ಅವಳೇ ಸರಿಮಾಡಿಕೊಟ್ಟಳು.

ಶನಿವಾರ ಚಿಕ್ಕವಳು ಹೋದಳು. ಅಂದೇ ಸಂಜೆ ದೊಡ್ಡವಳು ಬಟ್ಟೆ ಅಂಗಡಿಯ ಒಡತಿಯ ಹತ್ತಿರ ಹೋಗಿ ದಿನಪೂರ್ತಿ ಕೆಲಸ ಕೇಳಿದಳು.

"ಒಂಬತ್ತರಿಂದ ಎಂಟು. ಅಳತೆ ತಗೊಳ್ಳೋ ಕೆಲಸ, ಕೂರೋ ಹಾಗಿಲ್ಲ," ಎಂದಳು ಒಡತಿ. ಹೇಳಿದ ಸಂಬಳ ಗುಮಾಸ್ತರ ಸಂಬಳದ ಅರ್ಧವೂ ಇರಲಿಲ್ಲ. "ಮನೇಲಿ ಕೂತು ಹೊಲಿದರೇ ನಿನಗೆ ಆರಾಮಲ್ವಾ? ಅಮ್ಮನಿಗೆ ಹುಷಾರಿಲ್ಲ ಅಂತಿದ್ದೆ?"

"ಅಮ್ಮ ಹುಷಾರಾಗಿದ್ದಾರೆ. ಸೋಮವಾರದಿಂದ ಬರ್ತೀನಿ."

ಹಟಕ್ಕೆ ಹೊರಟಿದ್ದಳು, ಮತ್ತೇನಲ್ಲ. ಆ ಅಂಗಡಿಯ ಟ್ಯೂಬ್‌ಲೈಟು, ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಕಂಡವರ ಸೊಂಟ ಸುತ್ತುವ ಕೆಲಸ, ಯಾವುದೂ ಅವಳಿಗೆ ಬೇಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ಬ್ಯಾಗಿಗೆ ಊಟದ ಡಬ್ಬಿ ಹಾಕಿಕೊಂಡು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಳು. "ಹುಷಾರು ಕಣೆ. ಕಾಲು ನೋವಾದರೆ ಗೋಡೆಗೆ ಒರಗಿಕೋ," ಎಂದು ಅಮ್ಮ ಒಳಗಿನಿಂದ ಕೂಗಿದಳು. ಮೇಷ್ಟ್ರು ಅಡುಗೆಮನೆಯಿಂದ ಬಂದರು. ಸೊಂಟಕ್ಕೆ ಟವೆಲು ಕಟ್ಟಿಕೊಂಡಿದ್ದರು, ಕೈಯೆಲ್ಲ ಒದ್ದೆ. ಈ ಎರಡು ತಿಂಗಳಲ್ಲಿ ಅವರು ಮುದುಕರಾಗಿಬಿಟ್ಟಿದ್ದರು.

"ಹೋಗಬೇಡ ಮಗಳೇ," ಎಂದರು. "ಚಿಕ್ಕವಳೂ ಇಲ್ಲ. ಮನೆ ಬಣ ಬಣ ಅಂತಿದೆ. ನನ್ನ ಕೈಲಾಗಲ್ಲ. ಬಾಯಿಬಿಟ್ಟು ಕೇಳ್ತಾ ಇದ್ದೀನಿ ನೋಡು, ಹೋಗಬೇಡ."

ದೊಡ್ಡವಳು ಅವರ ಮುಖ ನೋಡಿದಳು. ಚಪ್ಪಲಿಯ ಪಟ್ಟಿ ಹಿಡಿದಿದ್ದ ಅವಳ ಕೈ ಒಂದು ಕ್ಷಣ ಅದನ್ನು ಬಿಚ್ಚಲು ಹೋಯಿತು, ಅಷ್ಟು ಹಳೆಯ ಅಭ್ಯಾಸ. ಆಮೇಲೆ ಅದೇ ಕೈ ಪಟ್ಟಿಯನ್ನು ಬಿಗಿ ಮಾಡಿತು.

"ಹತ್ತು ಗಂಟೆಗೆ ಅಮ್ಮನ ಮಾತ್ರೆ," ಎಂದಳು. "ನೀರು ಉಗುರುಬೆಚ್ಚಗಿರಲಿ."

ಮೆಟ್ಟಿಲಿಳಿದು ಮೊದಲನೇ ಮಹಡಿಯ ತಿರುವಿಗೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಮೇಲೆ ಬಾಗಿಲು ಹಾಕಿಕೊಂಡ ಸದ್ದು ಬರಲೇ ಇಲ್ಲ; ಅಪ್ಪ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳಲಿ ಎಂದು ಅವಳು ಇನ್ನೂ ಜೋರಾಗಿ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.